ನಿಂತಲ್ಲಿ ನಡುಗುವ ಗಾಡಿ

ಓಡುವ ಗಾಡಿ ನಡುಗಿದರೆ ರಸ್ತೆಯನ್ನು ಬೈಯಬಹುದು. ನಿಂತ ಗಾಡಿ ನಡುಗಿದರೆ ಯಾರನ್ನು ಬೈಯುವುದು? ಈ ಪ್ರಶ್ನೆ ಕಳೆದ ಮಳೆಗಾಲ ಮುಗಿದಂದಿನಿಂದ ಸುಮಾರು ಎರಡು ತಿಂಗಳು ನನ್ನನ್ನು ಕಾಡಿತು. ಕೊನೆಗೆ ದೊರೆತ ಉತ್ತರವನ್ನು ಈ ವಾರ ಓದುಗರ ಮುಂದಿಡಬೇಕೆಂದು ಮನಸ್ಸಾಗಿದೆ. ನಾನು ಮೋಟಾರು ವಿದ್ಯೆಯಲ್ಲಿ ಪಂಡಿತನಲ್ಲ. ಕಾಲೇಜಿನಲ್ಲಿ ಹಳಗನ್ನಡವನ್ನೂ ಛಂದಸ್ಸನ್ನೂ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದರೂ ರೋಗವನ್ನು ಅನುಭವಿಸಿದವನಿಗೆ ಅದರ ವಿಚಾರವಾಗಿ ನಾಲ್ಕು ಮಾತು ಹೇಳುವ ಅಧಿಕಾರ ಇದ್ದೇ ಇರುತ್ತದೆ.

ನಮ್ಮ ಕಾರು 1996ರಲ್ಲಿ ನಮ್ಮ ತಂದೆಯವರು ಕೊಂಡದ್ದು. ನಾನು ಆಗ ಆರು ವರ್ಷದ ಹುಡುಗ. ಹೈಸ್ಕೂಲು ಉಪಾಧ್ಯಾಯರಾಗಿದ್ದ ಅವರು ಸಾಲ ಮಾಡಿ ತಂದ ಆ ಗಾಡಿಯನ್ನು ಪ್ರತಿ ಭಾನುವಾರ ತಾವೇ ತೊಳೆಯುತ್ತಿದ್ದರು; ಬೇರೆಯವರನ್ನು ಮುಟ್ಟಗೊಡುತ್ತಿರಲಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಗಾಡಿ ಉಳಿದಿದೆ. 15 ವರ್ಷ ತುಂಬಿದ ಖಾಸಗಿ ಕಾರಿಗೆ 5 ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕೆಂಬುದು ಕಾನೂನು. ನವೀಕರಣದ ಕಾಲ ಬಂದಾಗಲೆಲ್ಲ ನಾನು, "ಅಮ್ಮಾ, ಇದನ್ನು ಕೊಟ್ಟುಬಿಡೋಣ" ಎನ್ನುತ್ತೇನೆ. ಅಮ್ಮ ಏನೂ ಹೇಳುವುದಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಡುತ್ತಾಳೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ.

ಹೀಗಿರಲು, ದಸರಾ ಕಳೆದ ಮೇಲೆ ಅಮ್ಮನಿಗೆ ಘಟ್ಟದ ಕೆಳಗಿನ ತವರಿಗೆ ಹೋಗಿಬರಬೇಕೆಂಬ ಬಯಕೆಯಾಯಿತು. ಅಲ್ಲಿ ಅವಳ ಅಣ್ಣ ಹಾಸಿಗೆ ಹಿಡಿದಿದ್ದರು. ಶಿವಮೊಗ್ಗೆಯಿಂದ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ, ಆಗುಂಬೆಯ 14 ತಿರುವುಗಳನ್ನು ಇಳಿದರೆ ಸೋಮೇಶ್ವರ, ಹೆಬ್ರಿ. ಬಸ್ಸಿನಲ್ಲಿ ಹೋಗಬಹುದು, ಬಾಡಿಗೆ ಗಾಡಿಯಲ್ಲಿಯೂ ಹೋಗಬಹುದು. ಆದರೆ ಅಮ್ಮ, "ನಿಮ್ಮಪ್ಪನ ಕಾರಿನಲ್ಲೇ ಹೋಗೋಣ ಕಣೋ. ಅಣ್ಣನಿಗೆ ಆ ಕಾರಿನ ಶಬ್ದ ಗೊತ್ತು. ಗೇಟಿನ ಹತ್ತಿರ ಬಂದರೆ ಸಾಕು, ಮಲಗಿದ್ದಲ್ಲೇ ತಿಳಿದುಕೊಳ್ಳುತ್ತಾನೆ" ಎಂದಳು.

ತೊಂದರೆ ಇದ್ದದ್ದೇ ಆ ಶಬ್ದದಲ್ಲಿ. ಓಡುವಾಗ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಮಲೇರಿಯಾ ಬಂದವನಂತೆ ನಡುಗುವುದು; ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುವುದು; ಒಮ್ಮೊಮ್ಮೆ ಒಂದು ನಿಟ್ಟುಸಿರು ಬಿಟ್ಟು ನಿಂತೇ ಹೋಗುವುದು. ಹಿಂದಿದ್ದವರು ಹಾರನ್ನು ಬಾರಿಸುತ್ತಿದ್ದಾಗ ನಾನು ಬೀಗದಕೈ ತಿರುಗಿಸುತ್ತಾ ಕುಳಿತಿರುತ್ತಿದ್ದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈ ದೃಶ್ಯವನ್ನು ನೋಡಿ ಸಂತೋಷಪಟ್ಟಿದ್ದಾರೆಂಬುದು ತರಗತಿಯಲ್ಲಿ ಅವರ ಮುಖದಿಂದಲೇ ತಿಳಿಯುತ್ತಿತ್ತು.

ಇಂಜಿನು ಹೀಗೆ ತಾಳ ತಪ್ಪುವುದಕ್ಕೆ ಗ್ಯಾರೇಜಿನವರು 'ಮಿಸ್ಸಿಂಗ್' ಎನ್ನುತ್ತಾರೆ. ಆ ಮಾತು ನನಗೆ ಬಹಳ ಮೆಚ್ಚಿಗೆಯಾಯಿತು. ನಾಲ್ಕು ಸಿಲಿಂಡರಿನ ಇಂಜಿನು ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಸಿಡಿಯಬೇಕು. ಪ್ರತಿ ಸಿಲಿಂಡರಿಗೂ ಒಂದು ಸರದಿ. ನಿಮಿಷಕ್ಕೆ 800 ಸುತ್ತು ತಿರುಗುವಾಗ 1600 ಸಿಡಿತ, ಎಂದರೆ ಸೆಕೆಂಡಿಗೆ ಸುಮಾರು 27. ನಾಲ್ಕು ನಾಲ್ಕು ಮಾತ್ರೆಯ ಗಣಗಳಲ್ಲಿ ಸಾಗುವ ಮಂದಾನಿಲ ರಗಳೆಯಂತೆ ಅದು ನಡೆಯಬೇಕು. ಒಂದು ಮಾತ್ರೆ ಬಿದ್ದುಹೋದರೆ ಛಂದಸ್ಸು ತಿಳಿಯದವನಿಗೂ ಕಿವಿ ಚುಚ್ಚುತ್ತದೆ. ಆದರೆ ಮಾತ್ರೆ ತಪ್ಪಿದೆಯೆಂದು ಕಿವಿ ಹೇಳಿದ ಮಾತ್ರಕ್ಕೆ ಎಲ್ಲಿ ತಪ್ಪಿದೆಯೆಂದು ಗೊತ್ತಾಗುವುದಿಲ್ಲ. ಪ್ರಸ್ತಾರ ಹಾಕಿ ನೋಡಬೇಕು. ನಾನು ಮಾಡಿದ ತಪ್ಪು ಅದೇ. ಪ್ರಸ್ತಾರ ಹಾಕದೆ ತಿದ್ದಲು ಹೊರಟೆ.

ಮೊದಲನೆಯ ಗ್ಯಾರೇಜಿನವರು ಗಾಡಿಯ ಶಬ್ದ ಕೇಳಿದ ಕೂಡಲೆ ನಾಲ್ಕು ಪ್ಲಗ್ಗುಗಳನ್ನೂ ಬದಲಾಯಿಸಿದರು. ಎರಡು ದಿನ ಪರವಾಗಿಲ್ಲವೆನಿಸಿತು. ಅದು ಹೊಸ ಪ್ಲಗ್ಗಿನ ಗುಣವೋ ಖರ್ಚು ಮಾಡಿದ ಮನಸ್ಸಿನ ಗುಣವೋ ಹೇಳಲಾರೆ. ಎರಡನೆಯ ಗ್ಯಾರೇಜಿನವರು ಕಾರ್ಬುರೇಟರನ್ನು ಬಿಚ್ಚಿ ತೊಳೆದು, ಆಮೇಲೂ ನಡುಕ ನಿಲ್ಲದಿರಲು, ಒಂದು ತಿರುಪನ್ನು ಒಂದೂವರೆ ಸುತ್ತು ತಿರುಗಿಸಿ ಇಂಜಿನಿನ ವೇಗವನ್ನು ಏರಿಸಿಬಿಟ್ಟರು. ನಡುಕ ಮುಚ್ಚಿಹೋಯಿತು, ಗಾಡಿ ನಿಂತಲ್ಲಿ ಗೊರಗೊರನೆ ಗರ್ಜಿಸತೊಡಗಿತು. ಎರಡೂ ಕಡೆ ಸೇರಿ ಸುಮಾರು 4000 ರೂಪಾಯಿ ಕೈಬಿಟ್ಟಿತು. ವಾರ ಕಳೆಯುವುದರೊಳಗೆ ನಡುಕ ಗರ್ಜನೆಯ ಜೊತೆಯಲ್ಲಿಯೇ ಮರಳಿ ಬಂದಿತು.

ನಿಂತಾಗಲೇ ಏಕೆ ಈ ಪಾಡು? ಓಡುವಾಗ ಏಕಿಲ್ಲ? ಇದು ತಿಳಿಯಬೇಕಾದ ವಿಷಯ. ಇಂಜಿನಿಗೆ ಬೇಕಾದ್ದು ನಾಲ್ಕು: ಇಂಧನ, ಗಾಳಿ, ಹೊತ್ತಿಗೆ ಸರಿಯಾದ ಕಿಡಿ, ಮತ್ತು ಹೊತ್ತುವ ಮೊದಲು ಮಿಶ್ರಣವನ್ನು ಒತ್ತಿಹಿಡಿಯುವ ಬಿಗಿ. ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಡಿ ನಿಂತಿರುವಾಗ ಗಾಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಕೂದಲೆಳೆಯಂಥ ಕಂಡಿಯಿಂದ ಬರುವ ಒಂದಿಷ್ಟು ಗಾಳಿ, ಒಂದಿಷ್ಟು ಪೆಟ್ರೋಲು, ಅಷ್ಟರಲ್ಲಿಯೇ ಸಂಸಾರ ಸಾಗಬೇಕು. ಶ್ರೀಮಂತರ ಮನೆಯಲ್ಲಿ ದಿನಕ್ಕೆ ಹತ್ತು ರೂಪಾಯಿ ಕಳವಾದರೆ ಯಾರಿಗೂ ತಿಳಿಯದು. ಬಡವರ ಮನೆಯಲ್ಲಿ ಅದೇ ಹತ್ತು ರೂಪಾಯಿ ಹೋದರೆ ಆ ರಾತ್ರಿಯ ಊಟ ಹೋದಂತೆ. ವೇಗವಾಗಿ ಓಡುವ ಇಂಜಿನು ಶ್ರೀಮಂತ, ನಿಂತ ಇಂಜಿನು ಬಡವ. ಆದ್ದರಿಂದಲೇ ಇಂಜಿನಿನ ಒಳಗುಟ್ಟೆಲ್ಲ ನಿಂತಾಗ ಹೊರಬೀಳುತ್ತದೆ.

ಮೋಟಾರಿನ ಚರಿತ್ರೆಯ ಆರಂಭದಲ್ಲಿಯೇ ಈ ರೋಗಪರೀಕ್ಷೆಯ ಒಂದು ಸೊಗಸಾದ ಕಥೆಯಿದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಗೃಹಿಣಿ ಗಂಡನಿಗೆ ತಿಳಿಸದೆ, ಆತನು ನಿರ್ಮಿಸಿದ್ದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರು ದೂರದ ತನ್ನ ತವರಿಗೆ, ಹೊರಟಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು; ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆಯಿತು; ಕಾಲುಚೀಲದ ಪಟ್ಟಿಯನ್ನು ಸುತ್ತಿ ಸರಿಪಡಿಸಿದಳು. ಇಳಿಜಾರುಗಳಲ್ಲಿ ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ಬ್ರೇಕಿನ ಕಟ್ಟಿಗೆಗೆ ಚರ್ಮ ಹೊಡೆಸಿದಳು. ಇಂಧನ, ಕಿಡಿ, ಬ್ರೇಕು ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿ, ಇದ್ದ ತಪ್ಪನ್ನು ಮಾತ್ರ ತಿದ್ದಿದಳೇ ಹೊರತು ನಾಲ್ಕು ಪ್ಲಗ್ಗು ಬದಲಾಯಿಸಿ ನೋಡೋಣ ಎನ್ನಲಿಲ್ಲ. ನನ್ನ ತಾಯಿಗೂ ತವರಿಗೇ ಹೋಗಬೇಕಾಗಿತ್ತು. ಅವಳ ಮಗನಲ್ಲಿ ಆ ಬುದ್ಧಿಯ ಹತ್ತರಲ್ಲೊಂದು ಪಾಲೂ ಇರಲಿಲ್ಲ.

ಹೊರಡಬೇಕಾದ ದಿನಕ್ಕೆ ಇನ್ನು ಮೂರೇ ದಿನವಿದ್ದಾಗ ಸಹೋದ್ಯೋಗಿಯೊಬ್ಬರು ಊರಾಚೆಯ ಒಬ್ಬ ಮುದುಕ ಮೇಸ್ತ್ರಿಯ ಬಳಿಗೆ ನನ್ನನ್ನು ಕಳುಹಿಸಿದರು. ತಗಡಿನ ಚಪ್ಪರ, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ಹಲಗೆಯ ಪೆಟ್ಟಿಗೆಯ ಮೇಲೆ ಕನ್ನಡಕ ಏರಿಸಿ ಕುಳಿತ ಎಪ್ಪತ್ತು ವರ್ಷದ ಮನುಷ್ಯ. "ಬನ್ನಿ ಮೇಷ್ಟ್ರೇ" ಎಂದರು. ಮೇಷ್ಟ್ರು ಇಂಗ್ಲಿಷಿನ ದಾರಿಯಾಗಿ ಬಂದ ಮಾತು, ಮೇಸ್ತ್ರಿ ಪೋರ್ಚುಗೀಸಿನ ದಾರಿಯಾಗಿ ಬಂದ ಮಾತು. ಎರಡಕ್ಕೂ ಮೂಲ ಲ್ಯಾಟಿನ್ನಿನ ಒಂದೇ ಪದ, ಗುರುವೆಂದು ಅದರ ಅರ್ಥ. ಅಂದು ಆ ಚಪ್ಪರದಡಿಯಲ್ಲಿ ಗುರು ಯಾರೆಂಬುದು ಬೇಗನೆ ನಿರ್ಣಯವಾಯಿತು.

ನಾನು ಇಂಜಿನಿನ ಮುಚ್ಚಳ ತೆರೆಯಲು ಹೋದೆ. ಅವರು ತಡೆದರು.

"ಇರಲಿ, ಮೊದಲು ಹೇಳಿ. ಬೆಳಗ್ಗೆ ಎದ್ದು ಶುರು ಮಾಡ್ತೀರಲ್ಲ, ಆವಾಗ ನಡುಗುತ್ತೋ, ಬಿಸಿಯಾದ ಮೇಲೆ ನಡುಗುತ್ತೋ?"

ಈ ಪ್ರಶ್ನೆಯನ್ನು ಎರಡು ಗ್ಯಾರೇಜಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ಯೋಚಿಸಿ ನೋಡಿದೆ. ಬೆಳಿಗ್ಗೆ ಚೋಕು ಎಳೆದು ಹೊರಡಿಸಿದಾಗ ಮೊದಲ ಎರಡು ಮೂರು ನಿಮಿಷ ಗಾಡಿ ಸಮಾಧಾನವಾಗಿಯೇ ಇರುತ್ತಿತ್ತು; ಚೋಕನ್ನು ಒಳಗೆ ದೂಡಿದ ಕೂಡಲೆ ನಡುಕ ಆರಂಭವಾಗುತ್ತಿತ್ತು. ಹಾಗೆಂದು ಹೇಳಿದೆ. ಮೇಸ್ತ್ರಿ ತಲೆದೂಗಿದರು.

"ಚೋಕು ಎಳೆದರೆ ಗಾಳಿ ಕಮ್ಮಿಯಾಗುತ್ತೆ, ಪೆಟ್ರೋಲು ಜಾಸ್ತಿಯಾಗುತ್ತೆ. ಆವಾಗ ನಿಮ್ಮ ಗಾಡಿ ಸುಖವಾಗಿರುತ್ತೆ. ಅಂದರೆ ಅದಕ್ಕೆ ಗಾಳಿ ಹೆಚ್ಚಾಗಿದೆ. ಅರ್ಧ ಕೆಲಸ ನೀವೇ ಮಾಡಿಕೊಂಡು ಬಂದಿದ್ದೀರಿ, ನಿಮಗೇ ಗೊತ್ತಿಲ್ಲ."

ಅಷ್ಟಕ್ಕೇ ಅವರು ತೀರ್ಪು ಕೊಡಲಿಲ್ಲ. ಇಂಜಿನು ನಡೆಯುತ್ತಿರುವಾಗಲೇ ಒಣಬಟ್ಟೆ ಸುತ್ತಿದ ಇಕ್ಕಳದಿಂದ ಮೊದಲನೆಯ ಪ್ಲಗ್ಗಿನ ತಂತಿಯನ್ನು ಕಿತ್ತರು, ಶಬ್ದ ಕುಗ್ಗಿತು. ಮತ್ತೆ ಸಿಕ್ಕಿಸಿದರು. ಎರಡನೆಯದು, ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಶಬ್ದ ಅಷ್ಟಷ್ಟೇ ಕುಗ್ಗಿತು. ಯಾವುದಾದರೂ ಒಂದು ತಂತಿ ಕಿತ್ತಾಗ ಶಬ್ದದಲ್ಲಿ ಬದಲಾವಣೆಯೇ ಆಗದಿದ್ದರೆ ಆ ಸಿಲಿಂಡರು ಮೊದಲೇ ಸೋಮಾರಿಯಾಗಿದೆಯೆಂದು ಅರ್ಥ. ಅಲ್ಲಿಯ ಪ್ಲಗ್ಗನ್ನೋ ತಂತಿಯನ್ನೋ ವಾಲ್ವನ್ನೋ ಹುಡುಕಬೇಕು. ಇಲ್ಲಿ ನಾಲ್ವರೂ ಸಮವಾಗಿ ದುಡಿಯುತ್ತಿದ್ದರು, ನಾಲ್ವರೂ ಸಮವಾಗಿ ನರಳುತ್ತಿದ್ದರು. ಆದ್ದರಿಂದ ದೋಷ ನಾಲ್ವರಿಗೂ ಸಮಾನವಾದ ಕಡೆಯಲ್ಲಿರಬೇಕು. (ಈ ಪರೀಕ್ಷೆಯನ್ನು ಓದುಗರು ಮನೆಯಲ್ಲಿ ಮಾಡಬಾರದು. ಹಳೆಯ ಗಾಡಿಯಲ್ಲಿಯೂ ಶಾಕು ಹೊಡೆಯುತ್ತದೆ. ಇಂದಿನ ಗಾಡಿಗಳಲ್ಲಿ ಅದು ಇನ್ನೂ ಅಪಾಯಕರ. ಅಲ್ಲದೆ ಉರಿಯದೆ ಹೊರಹೋಗುವ ಪೆಟ್ರೋಲು ಹೊಗೆ ಶುದ್ಧಿಮಾಡುವ ದುಬಾರಿ ಉಪಕರಣವನ್ನು ಸುಟ್ಟುಬಿಡುತ್ತದೆ.)

ಬಳಿಕ ಒಂದು ಪ್ಲಗ್ಗನ್ನು ಬಿಚ್ಚಿ ನನ್ನ ಅಂಗೈಯ ಮೇಲಿಟ್ಟರು. ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಒಣಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಒಳಗಿನ ರಿಂಗೋ ವಾಲ್ವಿನ ಸೀಲೋ ಸವೆದಿದೆ. ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ನನ್ನದು ಬೆಳ್ಳಗಿತ್ತು. ಹೊಸ ಪ್ಲಗ್ಗು, ಅದರ ಮೇಲೆ ಹಳೆಯ ರೋಗದ ಬರವಣಿಗೆ. ಮೊದಲನೆಯ ಗ್ಯಾರೇಜಿನಲ್ಲಿ ಹಳೆಯ ಪ್ಲಗ್ಗುಗಳನ್ನು ಎಸೆಯುವ ಮೊದಲು ಯಾರಾದರೂ ಅವನ್ನು ಓದಿದ್ದರೆ ನನ್ನ ಹಣ ಉಳಿಯುತ್ತಿತ್ತು.

ಆಮೇಲೆ ಮೇಸ್ತ್ರಿ ಗಾಳಿಯ ಸೋಸುಗವನ್ನು ತೆಗೆದು, ಕಾರ್ಬುರೇಟರಿನ ಬಾಯಿಗೆ ತಮ್ಮ ಅಂಗೈಯನ್ನು ಅರೆಬರೆಯಾಗಿ ಅಡ್ಡ ಹಿಡಿದರು. ಇಂಜಿನು, ನಂಬಿರಿ, ಅಳುವ ಮಗು ತಾಯಿಯ ಕೈ ತಾಗಿದಾಗ ಸುಮ್ಮನಾಗುವಂತೆ ಸುಮ್ಮನಾಯಿತು. ಕೈ ತೆಗೆದರು, ಮತ್ತೆ ನಡುಕ. ಇನ್ನು ಸಂಶಯವಿರಲಿಲ್ಲ. ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿತ್ತು.

ಪೆಟ್ಟಿಗೆಯಿಂದ ಒಂದು ಹಳೆಯ ಗೇಜು ಹೊರಬಂತು. ಇಂಜಿನು ಎಷ್ಟು ಬಲವಾಗಿ ಗಾಳಿಯನ್ನು ಹೀರುತ್ತಿದೆಯೆಂಬುದನ್ನು ಅದು ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ. ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಇಂಜಿನು ನಿಂತಾಗ 17ರಿಂದ 21 ಇಂಚು ತೋರಿಸಬೇಕು. ಪ್ರತಿ 1000 ಅಡಿ ಎತ್ತರಕ್ಕೆ ಒಂದು ಇಂಚು ಕಡಿಮೆಯಾಗುತ್ತದೆ. "ನಮ್ಮೂರು ಎರಡು ಸಾವಿರ ಅಡಿ ಹತ್ತಿರ ಇದೆ, ಎರಡು ಇಂಚು ಕಳೀಬೇಕು" ಎಂದರು ಮೇಸ್ತ್ರಿ. ಮುಳ್ಳು 12ರ ಬಳಿ ನಿಂತಿತು. ಮುಳ್ಳು ತಾಳಬದ್ಧವಾಗಿ ಆಗಾಗ ಕೆಳಗೆ ಬಿದ್ದೇಳುತ್ತಿದ್ದರೆ ಯಾವುದೋ ಒಂದು ವಾಲ್ವು ಕೆಟ್ಟಿದೆಯೆನ್ನಬೇಕು. ಹೀಗೆ ಒಂದೇ ಕಡೆ ತಗ್ಗಿನಲ್ಲಿ ನಿಂತರೆ ಸೋರಿಕೆಯನ್ನೋ, ಕಿಡಿ ತಡವಾಗಿ ಬೀಳುತ್ತಿದೆಯೆಂಬುದನ್ನೋ ಶಂಕಿಸಬೇಕು. ಕಿಡಿಯ ಕಾಲವನ್ನು ನೋಡಿದರು, ಸರಿಯಾಗಿತ್ತು. ಸೋರಿಕೆಯೊಂದೇ ಉಳಿಯಿತು.

ಸೋರಬಹುದಾದ ಸ್ಥಳಗಳು ಬಹಳವಿಲ್ಲ. ಕಾರ್ಬುರೇಟರಿನ ಅಡಿಯ ಗ್ಯಾಸ್ಕೆಟ್ಟು, ಗಾಳಿ ಒಳಗೆ ಹೋಗುವ ಕವಲುಕೊಳವೆಯ ಗ್ಯಾಸ್ಕೆಟ್ಟು, ಅಲ್ಲಿಂದ ಹೊರಡುವ ಮೂರು ನಾಲ್ಕು ರಬ್ಬರಿನ ಹೋಸುಗಳು. ಮೇಸ್ತ್ರಿ ಗ್ಯಾಸ್ಕೆಟ್ಟುಗಳ ಅಂಚಿಗೆ ಪಿಚಕಾರಿಯಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟರು. ಅಲ್ಲಿ ಬಿರುಕಿದ್ದರೆ ನೀರು ಒಳಗೆ ಎಳೆಯಲ್ಪಟ್ಟು ಶಬ್ದ ಬದಲಾಗಬೇಕು, ಬದಲಾಗಲಿಲ್ಲ. ಅನಂತರ ಹೋಸುಗಳನ್ನು ಒಂದೊಂದಾಗಿ ಬಟ್ಟೆಯ ಮೇಲಿಂದ ಇಕ್ಕಳದಲ್ಲಿ ಅದುಮತೊಡಗಿದರು. ಮೊದಲನೆಯದು, ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯ ದಪ್ಪ ಹೋಸನ್ನು ಅದುಮುವ ಮೊದಲು ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ಮೇಷ್ಟ್ರೇ, ಬ್ರೇಕು ಹೇಗಿದೆ?"

"ಬ್ರೇಕು ಸ್ವಲ್ಪ ಗಟ್ಟಿಯಾಗಿದೆ. ಅದು ಬೇರೆ ವಿಷಯ, ಆಮೇಲೆ ನೋಡಿಸಿದರಾಯಿತು" ಎಂದೆ.

"ಬೇರೆ ವಿಷಯ ಅಂತ ಯಾರು ಹೇಳಿದರು?"

ಹೋಸನ್ನು ಅದುಮಿದರು. ನಡುಕ ನಿಂತಿತು, ಇಂಜಿನು ಒಂದೇ ಶ್ರುತಿಯಲ್ಲಿ ನಿಂತು, ಮರುಕ್ಷಣವೇ ವೇಗವಾಗಿ ಮೇಲೇರಿತು. ಎರಡನೆಯ ಗ್ಯಾರೇಜಿನವರು ತಿರುಗಿಸಿದ್ದ ಆ ಒಂದೂವರೆ ಸುತ್ತಿನ ಬಣ್ಣ ಆಗ ಬಯಲಾಯಿತು. ರೋಗಿಗೆ ಅವರು ಮದ್ದು ಕೊಟ್ಟಿರಲಿಲ್ಲ. ನರಳುವ ದನಿ ಕೇಳದಂತೆ ತಮಟೆ ಬಾರಿಸಿದ್ದರು.

ಆ ಹೋಸು ಇಂಜಿನಿನಿಂದ ಬ್ರೇಕಿನ ಬೂಸ್ಟರಿಗೆ ಹೋಗುವುದು. ಬೂಸ್ಟರಿನ ಮರ್ಮವನ್ನು ನಾನು ಅಂದು ಮೊದಲ ಬಾರಿಗೆ ತಿಳಿದುಕೊಂಡೆ. ಬ್ರೇಕಿನ ಪೆಡಲಿನ ಮುಂದೆ ದುಂಡನೆಯ ಒಂದು ತಗಡಿನ ಡಬ್ಬಿ. ಅದರ ನಡುವೆ ರಬ್ಬರಿನ ಒಂದು ಪರದೆ. ಇಂಜಿನು ಈ ಹೋಸಿನ ಮೂಲಕ ಪರದೆಯ ಎರಡು ಬದಿಯ ಗಾಳಿಯನ್ನೂ ಹೀರಿಟ್ಟಿರುತ್ತದೆ. ನಾವು ಪೆಡಲನ್ನು ತುಳಿದ ಕೂಡಲೆ ಹಿಂಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ಒತ್ತುತ್ತದೆ. ಆ ಒತ್ತು ನಮ್ಮ ಕಾಲಿನ ಬಲಕ್ಕೆ ಕೂಡಿಕೊಳ್ಳುತ್ತದೆ. ಹೋಸು ಬಿರುಕು ಬಿಟ್ಟರೆ ಎರಡು ಹಾನಿ. ಇಂಜಿನಿಗೆ ಬೇಡದ ಗಾಳಿ ಸೇರುತ್ತದೆ. ಬ್ರೇಕಿಗೆ ಬೇಕಾದ ನೆರವು ತಪ್ಪುತ್ತದೆ. ಬ್ರೇಕು ಪೂರ್ತಿ ಹೋಗುವುದಿಲ್ಲ ನಿಜ. ಆದರೆ ಅದೇ ಕೆಲಸಕ್ಕೆ ಕಾಲು ಹಲವು ಪಟ್ಟು ಬಲವಾಗಿ ತುಳಿಯಬೇಕಾಗುತ್ತದೆ.

ಮೇಸ್ತ್ರಿ ಹೋಸನ್ನು ಬಿಚ್ಚಿ ಬಗ್ಗಿಸಿ ತೋರಿಸಿದರು. ಮೇಲಿನಿಂದ ನೋಡಿದರೆ ಸಾಧುವಾಗಿತ್ತು. ಕೆಳಮೈಯಲ್ಲಿ, ಕಣ್ಣಿಗೆ ಬೀಳದ ಬಾಗಿನಲ್ಲಿ, ಎರಡು ಇಂಚು ಉದ್ದಕ್ಕೆ ಒಣಗಿದ ಕೆರೆಯ ನೆಲದಂತೆ ಒಡೆದಿತ್ತು. ಅಷ್ಟು ದಿನ ನನ್ನ ಮಂದಾನಿಲ ರಗಳೆಯನ್ನು ಕೆಡಿಸಿದ್ದು ಆ ಬಿರುಕಿನಲ್ಲಿ ಸುಳಿಯುತ್ತಿದ್ದ ಮಂದಾನಿಲವೇ.

ನನಗೆ ಕೂಡಲೆ ಪತ್ರಿಕೆಗಳಲ್ಲಿ ಓದಿದ ಸಂಗತಿ ನೆನಪಾಯಿತು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತಷ್ಟೆ. "ಇದು ಎಥನಾಲಿನ ಕೆಲಸವಿರಬೇಕು" ಎಂದೆ, ತಿಳಿದವನಂತೆ. ಮೇಸ್ತ್ರಿ ನಕ್ಕರು. "ಎಥನಾಲು ಹಳೇ ಗಾಡಿಯ ಪೆಟ್ರೋಲು ಪೈಪಿನ ರಬ್ಬರನ್ನ ಕೆಡಿಸೋದು ಉಂಟು. ಅವನ್ನೂ ನೋಡ್ತೀನಿ, ಬೇಕಾದರೆ ಬದಲಾಯಿಸ್ತೀನಿ. ಆದರೆ ಇದರಲ್ಲಿ ಪೆಟ್ರೋಲು ಹರಿಯೋಲ್ಲ, ಮೇಷ್ಟ್ರೇ. ಇದು ಗಾಳಿ ಪೈಪು. ಮೂವತ್ತು ವರ್ಷ ಇಂಜಿನ್ನಿನ ಕಾವು ತಿಂದಿದೆ, ಅಷ್ಟೆ. ವಯಸ್ಸಾಗಿದ್ದಕ್ಕೆ ಯಾರನ್ನ ಬೈತೀರಿ?" ಎಥನಾಲಿಗೆ ಸುಡಲು ಗಾಳಿ ಕಡಿಮೆ ಸಾಕು, ಹಳೆಯ ಅಳತೆಗೆ ಕೂರಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣ ಗಾಳಿಯ ಕಡೆಗೆ ತುಸು ವಾಲುತ್ತದೆಂಬುದು ನಿಜ. ಆದರೆ ತುಸು ವಾಲಿದ್ದಕ್ಕೂ ಎರಡು ಇಂಚು ಒಡೆದದ್ದಕ್ಕೂ ಬಹಳ ಅಂತರವಿದೆ. ಎದುರಿಗೆ ಸುಲಭವಾಗಿ ಸಿಕ್ಕ ಅಪರಾಧಿಯನ್ನು ಹಿಡಿದುಕೊಟ್ಟು ಮನೆಗೆ ಹೋಗುವುದು ನಮ್ಮೆಲ್ಲರ ಸ್ವಭಾವ.

ಹೊಸ ಹೋಸು ಹಾಕಿ, ತಿರುಪನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಗೇಜಿನ ಮುಳ್ಳು 17ಕ್ಕೆ ಬಂದು ಕದಲದೆ ನಿಂತಿತು. ಮೇಸ್ತ್ರಿ ನನ್ನನ್ನು ಒಳಗೆ ಕೂರಿಸಿ ಒಂದು ಪರೀಕ್ಷೆಯನ್ನು ಕಲಿಸಿದರು. ಇಂಜಿನು ಆರಿಸಿ, ಬ್ರೇಕಿನ ಪೆಡಲನ್ನು ನಾಲ್ಕೈದು ಸಲ ತುಳಿಯಬೇಕು, ಅದು ಕಲ್ಲಿನಂತಾಗುತ್ತದೆ. ಕಾಲನ್ನು ಹಾಗೆಯೇ ಒತ್ತಿಹಿಡಿದು ಇಂಜಿನು ಹೊರಡಿಸಬೇಕು. ಬೂಸ್ಟರು ಸರಿಯಾಗಿದ್ದರೆ ಪೆಡಲು ಕಾಲಡಿಯಲ್ಲಿ ಮೆಲ್ಲನೆ ಒಂದಿಷ್ಟು ಕೆಳಗಿಳಿಯುತ್ತದೆ. ಇಳಿಯದಿದ್ದರೆ ಗಾಡಿಯನ್ನು ನೇರವಾಗಿ ಗ್ಯಾರೇಜಿಗೆ ಒಯ್ಯಬೇಕು. ಇದಕ್ಕೆ ಯಾವ ಉಪಕರಣವೂ ಬೇಡ. ಅರ್ಧ ನಿಮಿಷದ ಕೆಲಸ. ಬೂಸ್ಟರು ಇರುವ ಯಾವ ಪೆಟ್ರೋಲು ಕಾರಿನಲ್ಲಿಯಾದರೂ ಓದುಗರು ಇದನ್ನು ಮಾಡಿ ನೋಡಬಹುದು.

"ಯಾವ ಕಡೆ ಪ್ರಯಾಣ?" ಎಂದು ಮೇಸ್ತ್ರಿ ಕೇಳಿದರು. ಆಗುಂಬೆ ಘಟ್ಟ ಇಳಿಯಬೇಕೆಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಬಿಚ್ಚಿದ ಹಳೆಯ ಹೋಸನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ ಜಗ್ಗಿದರು. ಅದು ಪೂರ್ತಿ ಸೀಳಿ ಎರಡಾಯಿತು. ಮಾತೇನೂ ಆಡಲಿಲ್ಲ.

ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಬ್ರೇಕು ಗಟ್ಟಿಯಾಗಿದೆಯೆಂದು ನನಗೆ ಮೊದಲು ಹೇಳಿದವಳು ನನ್ನ ಹೆಂಡತಿ. ಮಗುವನ್ನು ಶಾಲೆಗೆ ಬಿಟ್ಟು ಬಂದು, "ಬ್ರೇಕು ಯಾಕೋ ಭಾರ ಆಗ್ತಿದೆ ರೀ" ಎಂದಿದ್ದಳು. "ಹಳೇ ಗಾಡಿ, ಹಾಗೇ ಇರುತ್ತೆ" ಎಂದು ನಾನು ಮಾತನ್ನು ಮುಗಿಸಿದ್ದೆ. ನಡುಗುವುದು ನನ್ನ ದೂರು, ಬ್ರೇಕಿನದು ಅವಳ ದೂರು. ನನ್ನ ದೂರಿಗಾಗಿ ಎರಡು ಗ್ಯಾರೇಜು ಸುತ್ತಿ ಬಂದೆ. ಅವಳ ದೂರನ್ನು ಒಂದು ಗ್ಯಾರೇಜಿನಲ್ಲಿಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವರೂ ಬಹುಶಃ ಎರಡನ್ನೂ ಕೂಡಿಸಿ ನೋಡುತ್ತಿದ್ದರು. ಪೂರ್ತಿ ತಪ್ಪನ್ನು ಅವರ ಮೇಲೆ ಹೊರಿಸುವುದು ಈಗ ನನ್ನಿಂದ ಆಗದು. ರೋಗಿಯೇ ಲಕ್ಷಣಗಳಲ್ಲಿ ಅರ್ಧವನ್ನು ಮುಚ್ಚಿಟ್ಟರೆ ವೈದ್ಯನೇನು ಮಾಡಿಯಾನು?

ಇದೆಲ್ಲ ಹಳೆಯ ಗಾಡಿಯ ಕಥೆಯಾಯಿತು, ನಮ್ಮದು ಹೊಸ ಕಾರು, ಅದರಲ್ಲಿ ಕಂಪ್ಯೂಟರಿದೆ ಎನ್ನುವ ಓದುಗರಿರಬಹುದು. ಅವರಿಗೂ ಒಂದು ಮಾತು. ಹೊಸ ಕಾರಿನಲ್ಲಿ ಕಾರ್ಬುರೇಟರಿಲ್ಲ, ಚೋಕಿನ ಗುಬಟವಿಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸ ಕಂಪ್ಯೂಟರಿನದು. ಇಂಜಿನು ತಾಳ ತಪ್ಪಿದರೆ ಮುಂದಿನ ಫಲಕದಲ್ಲಿ ಹಳದಿ ದೀಪ ಹೊತ್ತುತ್ತದೆ. ಗ್ಯಾರೇಜಿನಲ್ಲಿ ಯಂತ್ರ ಸಿಕ್ಕಿಸಿ ಒಂದು ಸಂಕೇತವನ್ನು ಓದುತ್ತಾರೆ. ಪಿ0300 ಎಂದು ಬಂದರೆ ಗೊತ್ತುಗುರಿಯಿಲ್ಲದೆ ಅಲ್ಲಲ್ಲಿ ಮಿಸ್ಸಿಂಗ್. ಪಿ0301 ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು. ಇವು ಲಕ್ಷಣದ ಹೆಸರೇ ಹೊರತು ಕಾರಣದ ಹೆಸರಲ್ಲ. ಪಿ0171 ಕಂಡ ಕೂಡಲೆ ಇಂಥ ಭಾಗ ಬದಲಾಯಿಸಿ ಎಂದು ದೊಡ್ಡ ಬೆಲೆಯ ಪಟ್ಟಿ ಮುಂದಿಟ್ಟರೆ, "ಗಾಳಿಯ ಹೋಸುಗಳನ್ನು ನೋಡಿದಿರಾ? ಗಾಳಿಯ ಬಾಗಿಲಿನಲ್ಲಿ ಮಸಿ ಕಟ್ಟಿದೆಯೇ?" ಎಂದು ವಿನಯದಿಂದ ಕೇಳಿರಿ. ಕಂಪ್ಯೂಟರು ಬಂದ ಮೇಲೂ ರಬ್ಬರು ಒಡೆಯುವುದನ್ನು ಬಿಟ್ಟಿಲ್ಲ.

ಇನ್ನು ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲಿಯೇ ಗಮನಿಸಿ ಬರೆದಿಟ್ಟುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ನಡುಕ ಇಂಜಿನು ತಣ್ಣಗಿರುವಾಗಲೋ ಬಿಸಿಯಾದ ಮೇಲೋ? ತಾಳಕ್ಕೆ ಸರಿಯಾಗಿ ತಪ್ಪುತ್ತದೆಯೋ, ಮನಸ್ಸು ಬಂದಾಗ ತಪ್ಪುತ್ತದೆಯೋ? ಮೊದಲನೆಯದಾದರೆ ಒಂದು ಸಿಲಿಂಡರಿನ ಮೇಲೆ ಸಂಶಯ, ಎರಡನೆಯದಾದರೆ ಎಲ್ಲಕ್ಕೂ ಸಮಾನವಾದ ಗಾಳಿ ಇಂಧನಗಳ ಮೇಲೆ ಸಂಶಯ. ಗೇರು ಹಾಕಿ ಓಡಿಸಿದಾಗ ಮಾಯವಾಗುತ್ತದೆಯೋ? ಏರ್ ಕಂಡೀಷನರು ಹಾಕಿದಾಗ ಹೆಚ್ಚಾಗುತ್ತದೆಯೋ? ಇಂಜಿನಿನ ಶಬ್ದ ಸಮವಾಗಿದ್ದು ಮೈ ಮಾತ್ರ ನಡುಗುತ್ತಿದ್ದರೆ, ಇಂಜಿನನ್ನು ಹೊತ್ತಿರುವ ರಬ್ಬರಿನ ದಿಂಬುಗಳು ಕುಸಿದಿರಬಹುದು. ಆಗ ಪ್ಲಗ್ಗಿನ ಗೊಡವೆಯೇ ಬೇಡ. ಕಡೆಯದಾಗಿ, ಗಾಡಿ ಓಡಿಸುವ ಮನೆಯವರೆಲ್ಲರನ್ನೂ ಕೇಳಿರಿ. ಅವರಿಗೆ ಕಂಡದ್ದು ನಿಮಗೆ ಸಂಬಂಧವಿಲ್ಲದ್ದೆಂದು ತೋರಿದರೂ ಬರೆದುಕೊಳ್ಳಿರಿ.

ಗೊತ್ತಾದ ದಿನ ನಾವು ಹೊರಟೆವು. ಆಗುಂಬೆಯಲ್ಲಿ ಕಾಫಿ ಕುಡಿದು, ಎರಡನೆಯ ಗೇರಿನಲ್ಲಿ ಘಟ್ಟ ಇಳಿದೆವು. ಏಳನೆಯ ತಿರುವೋ ಎಂಟನೆಯ ತಿರುವೋ ನೆನಪಿಲ್ಲ, ಎದುರಿನಿಂದ ಬಸ್ಸೊಂದು ರಸ್ತೆಯನ್ನೆಲ್ಲ ಹಿಡಿದು ಮೇಲೇರಿ ಬಂತು. ಬ್ರೇಕು ತುಳಿದೆ. ಗಾಡಿ ಮೋರಿಯ ಕಲ್ಲಿನ ಪಕ್ಕದಲ್ಲಿ ಮೆತ್ತಗೆ ನಿಂತಿತು. ಬಸ್ಸು ದಾಟಿಹೋಗುವವರೆಗೂ ಇಂಜಿನು ಒಂದೇ ಸಮನೆ ಮೆಲ್ಲನೆ ಮಿಡಿಯುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ಏನೂ ತಿಳಿಯಲಿಲ್ಲ. ಅವಳು ಕಿಟಕಿಯಿಂದ ಕಾಡು ನೋಡುತ್ತಿದ್ದಳು. ಪಕ್ಕದಲ್ಲಿದ್ದ ಹೆಂಡತಿ ಮಾತ್ರ ನನ್ನ ಕಾಲಿನ ಕಡೆ ನೋಡಿ, "ಈಗ ಭಾರ ಇಲ್ಲ, ಅಲ್ಲವಾ?" ಎಂದಳು. ಇಲ್ಲವೆಂದೆ.

ಸಂಜೆ ಮಾವನ ಮನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಅಮ್ಮ ಇಳಿಯುವವರೆಗೆ ಇಂಜಿನು ಆರಿಸದೆ ಕಾದೆ. ಒಳಗಿನಿಂದ ಕ್ಷೀಣವಾದ ದನಿಯೊಂದು ಕೇಳಿಸಿತು: "ಯಾರದು, ಭಾವ ಬಂದರಾ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಈ ಸಲ ನೋಂದಣಿಯ ನವೀಕರಣದ ಅರ್ಜಿಯನ್ನು ನಾನು ಯಾರನ್ನೂ ಕೇಳದೆ ಹಾಕಿದ್ದೇನೆ.